ಶಾಬಾಸೋ ಶಾಬಾದೋ

ಶುಕ್ರವಾರ ಶಾಲೆಗೆ ರಜೆ ಇರುತ್ತಿದ್ದ, ರವಿವಾರ ಪಾಟಿ ಹಿಡಿದುಕೊಂಡು ಹೋಗಬೇಕಾಗಿದ್ದ ಕಾಲವದು. ಹೀಗೆಂದರೆ ನನ್ನ ಮೊಮ್ಮಕ್ಕಳು ಅಜ್ಜಿ ಸುಳ್ಳು ಹೇಳುತ್ತಾಳೆ ಅನ್ನುತ್ತಾರೆ. ನಿಜಾಮರ ರಾಜ್ಯದಲ್ಲಿ ಹಾಗೇ ಇತ್ತು ಕಣ್ರೋ ಎಂದು ವಾದ ಮಾಡಿ ಮಾಡಿ ನನಗೆ ಸಾಕಾಗಿದೆ. ನಮ್ಮ ಚಿತ್ತಾಪುರದ ಮಕ್ಕಳೆಲ್ಲ ಆ ಶುಕ್ರವಾರಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆವು. ಅಂದು ಫುಟ್‌ಬಾಲು ಇರುತ್ತಿತ್ತು, ಅದರಲ್ಲಿ ನಮ್ಮಣ್ಣ ಶರಣು ಇರುತ್ತಿದ್ದ.

ಅಣ್ಣನಿಗೆ ಹದಿನೇಳು, ನನಗೆ ಒಂಬತ್ತು. ಊರಿನ ಟೀಮಿನಲ್ಲಿ ಅವನೇ ಮುಂದಾಳು. ಬರಿಗಾಲಲ್ಲಿ ಒದ್ದರೆ ಚೆಂಡು ಬೇವಿನ ಮರ ದಾಟಿ ಹೋಗುತ್ತಿತ್ತು. ಊರೆಲ್ಲ ಹೊಗಳುತ್ತಿತ್ತು, ಅಪ್ಪ ಒಬ್ಬನನ್ನು ಬಿಟ್ಟು. ಅಪ್ಪನದು ತೊಗರಿ ವ್ಯಾಪಾರ. ಶಾಬಾಸ್ ಎಂಬ ಮಾತು ಅವನ ಬಾಯಿಗೆ ಹೊಸದೇನಲ್ಲ. ಕೆಸರಿನಿಂದ ಬಂಡಿ ಎಳೆದ ಎತ್ತಿಗೆ ಶಾಬಾಸ್, ಚೀಲ ಹೊತ್ತ ಹಮಾಲನಿಗೆ ಶಾಬಾಸ್, ಇಲಿ ಹಿಡಿದ ಬೆಕ್ಕಿಗೂ ಶಾಬಾಸ್. ಹೆತ್ತ ಮಕ್ಕಳಿಗೆ ಮಾತ್ರ ಇಲ್ಲ. ಹೊಗಳಿದರೆ ಮಕ್ಕಳು ತಲೆ ಮೇಲೆ ಕೂಡುತ್ತಾರೆ, ಮೇಲಾಗಿ ದೃಷ್ಟಿ ತಗಲುತ್ತದೆ ಎಂದು ಅವನ ಲೆಕ್ಕ. ಅಣ್ಣ ಗೆದ್ದು ಬಂದ ಸಂಜೆಯೆಲ್ಲ ಅಂಗಡಿಯ ಕಟ್ಟೆಯ ಮುಂದೆ ಸುಮ್ಮಸುಮ್ಮನೆ ಎರಡು ಸಲ ಓಡಾಡುತ್ತಿದ್ದ. ಅಪ್ಪ ತಲೆ ಎತ್ತಿ "ಕಾಲ ತೊಳ್ಕೊಂಡ ಒಳಗ ಹೋಗು" ಅನ್ನುತ್ತಿದ್ದ. ಅಷ್ಟೇ.

ಆ ವರ್ಷ ಎಳ್ಳಮಾಸಿ ಹಬ್ಬ ಮುಗಿದ ಮರುವಾರ ಶಹಾಬಾದದಲ್ಲಿ ಆಟ ಇತ್ತು. ಶಹಾಬಾದ ಎಂದು ಬರೆಯುವುದು ಕಾಗದದ ಮೇಲೆ ಮಾತ್ರ, ನಮ್ಮ ಬಾಯಲ್ಲಿ ಅದು ಶಾಬಾದ. ಅಲ್ಲಿ ಗೆದ್ದವರು ಗುಲ್ಬರ್ಗಾದ ದೊಡ್ಡ ಟೂರ್ನಮೆಂಟಿಗೆ ಹೋಗುವವರಿದ್ದರು. ಹೊರಡುವ ಮುನ್ನಾದಿನ ಅಣ್ಣ ನನ್ನೊಬ್ಬಳಿಗೇ ಹೇಳಿದ: "ಅಪ್ಪ ಒಂದ ಸಲ ಬಂದು ನೋಡ್ಬೇಕು ನೋಡು, ಗುರಮ್ಮ. ಒಂದ ಸಲ ಶಾಬಾಸ್ ಅಂದ್ರ ಸಾಕು, ಗುಲ್ಬರ್ಗಾ ಹೋದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ನಾನು ಅದನ್ನು ಅವ್ವನಿಗೆ ಊದಿದೆ. ಅವ್ವ ಅಪ್ಪನಿಗೆ ಏನು ಹೇಳಿದಳೋ, ಬೆಳಗ್ಗೆ ಅಪ್ಪ ರುಮಾಲು ಸುತ್ತಿಕೊಳ್ಳುತ್ತ, "ಮನಿಗಿ ಫರಸಿ ಹಾಸೋದದ. ಶಾಬಾದಕ್ಕ ಹೋಗಿ ಕಲ್ಲ ನೋಡ್ಕೊಂಡ ಬರ್ತೀನಿ. ಆಟಾ ನೋಡಾಕಲ್ಲ ಮತ್ತ," ಎಂದ. ನಾನೂ ಬರುತ್ತೇನೆಂದು ಅತ್ತು ಹೊರಳಾಡಿದೆ. ಅವ್ವ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟಳು.

ಟೀಮಿನವರು ಬೆಳಗಿನ ಗಾಡಿಗೇ ಹೋಗಿದ್ದರು. ನಮ್ಮ ಗಾಡಿ ವಾಡಿಗೆ ಬಂದು ನಿಂತಾಗ ಶಾಬಾದದ ಕಡೆ ಹೋಗುವ ಗಾಡಿ ಎದುರಿಗೇ ಹೊಗೆ ಬಿಡುತ್ತ ಹೊರಟುಹೋಯಿತು. ನಮ್ಮದು ಒಂದು ಕಂಪನಿಯ ಗಾಡಿ, ಅದು ಇನ್ನೊಂದು ಕಂಪನಿಯ ಗಾಡಿ. ಒಬ್ಬರಿಗೊಬ್ಬರು ಕಾಯುವ ಸೌಜನ್ಯ ಅವಕ್ಕೆ ಇರಲಿಲ್ಲ. ಮೂರು ತಾಸು ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕೂತೆವು. ಕಲ್ಲಿದ್ದಲ ಪುಡಿ ಬುತ್ತಿಯ ಮೇಲೆ ಕೂತಿತು, ರೊಟ್ಟಿ ಕಡಿದರೆ ಹಲ್ಲಲ್ಲಿ ಕರಕರ ಅಂದಿತು. ಅಪ್ಪ ಸಿಗ್ನಲ್ಲಿನವನಿಂದ ಹಿಡಿದು ಸ್ಟೇಷನ್ ಮಾಸ್ತರನವರೆಗೆ ಎಲ್ಲರನ್ನೂ ಒಂದೊಂದು ಸಲ ಬೈದ. ಫರಸಿ ನೋಡಲು ಹೊರಟವನಿಗೆ ಇಷ್ಟೇಕೆ ಅವಸರ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಶಾಬಾದದಲ್ಲಿ ಇಳಿದವನು ಫರಸಿಯ ಹೆಸರೆತ್ತಲಿಲ್ಲ. "ಆಟದ ಬೈಲು ಎಲ್ಲದರಿ?" ಎಂದು ಕೇಳುತ್ತ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದ. ಹೋಗಿ ನೋಡಿದರೆ ಆಟ ಅರ್ಧ ಮುಗಿದಿತ್ತು, ಶಾಬಾದದವರು ಒಂದು ಗೋಲು ಮುಂದಿದ್ದರು.

ಆ ಬೈಲಿನಂಥ ಬೈಲು ಶತ್ರುವಿಗೂ ಬೇಡ. ಹುಲ್ಲಿನ ಎಸಳು ಒಂದಿರಲಿಲ್ಲ, ಬರೀ ಬಿಳಿ ಕಲ್ಲಿನ ಚೂರು. ಒಂದು ಕಡೆಯ ಗೋಲಿನ ಹಿಂದೆ ಹಳೆಯ ಕಲ್ಲಿನ ಗಣಿ, ಅದರ ತುಂಬ ಹಸಿರು ನೀರು. ಚೆಂಡು ಅದರಲ್ಲಿ ಬಿದ್ದರೆ ಶಾಬಾದದ ಹುಡುಗರೇ ಇಳಿದು ತರಬೇಕು, ಪರವೂರಿನವರು ಇಳಿಯುವಂತಿಲ್ಲ. ತಮ್ಮ ಟೀಮು ಹಿಂದಿದ್ದರೆ ಆ ಹುಡುಗರು ಕೋತಿಗಳ ಹಾಗೆ ಇಳಿದು ಹತ್ತುತ್ತಿದ್ದರಂತೆ. ಮುಂದಿದ್ದರೆ, ನಾನು ಕಣ್ಣಾರೆ ಕಂಡದ್ದು, ಒಬ್ಬ ಇಳಿದವನು ನೀರಲ್ಲಿ ಮುಖ ತೊಳೆದು, ಕಾಲು ತೊಳೆದು, ಒಂದು ಮುಳುಗು ಹಾಕಿ, ತಲೆ ಒರೆಸಿಕೊಂಡು ಆಮೇಲೆ ಚೆಂಡು ಎಸೆದ. ರೆಫ್ರಿ ಅವರೂರವನೇ. ಗಡಿಯಾರವನ್ನು ನೋಡಲೂ ಇಲ್ಲ.

ಅವರ ಮಂದಿಗೆ ಬೇವಿನ ನೆರಳು, ಕೂಡಲು ಹಾಸುಗಲ್ಲು. ನಮ್ಮ ಊರವರು ಇಪ್ಪತ್ತು ಮಂದಿ ಎದುರು ಬದಿಗೆ, ಮುಖಕ್ಕೆ ಸರಿಯಾಗಿ ಬಿಸಿಲು ಹೊಡೆಸಿಕೊಂಡು ನಿಂತಿದ್ದರು. ಬಾಯಾರಿತ್ತು. ಮಿರ್ಚಿ ಭಜಿ ಮಾರುವ ಒಬ್ಬ ದಪ್ಪ ಹೆಂಗಸು ಕೊಡದಲ್ಲಿ ನೀರಿಟ್ಟುಕೊಂಡು ಕೂತಿದ್ದಳು. ಹೋಗಿ ಕೇಳಿದೆ.

"ಯಾವೂರ, ಬೇಟಿ?"

"ಚಿತ್ತಾಪುರ."

"ಚಿತ್ತಾಪುರದವರಿಗಿ ಆಟಾ ಮುಗದ ಮ್ಯಾಲ," ಎಂದು ಕೊಡದ ಮೇಲೆ ತಟ್ಟೆ ಮುಚ್ಚಿದಳು. ಒಂಬತ್ತು ವರ್ಷದ ಹುಡುಗಿಗೆ ನೀರು ಕೊಡದ ಆ ಹೆಂಗಸನ್ನು ನಾನು ಬಹಳ ದಿನ ಮರೆಯಲಿಲ್ಲ.

ಅಣ್ಣ ಅಪ್ಪನನ್ನು ಕಂಡ. ಬೈಲಿನ ನಡುವಿನಿಂದಲೇ ಕಂಡ, ಒಂದು ಗಳಿಗೆ ನಿಂತುಬಿಟ್ಟ. ಆಮೇಲೆ ಅವನ ಆಟವೇ ಬೇರೆಯಾಯಿತು. ಮೊಣಕಾಲು ತರಚಿ ರಕ್ತ ಇಳಿಯುತ್ತಿದ್ದರೂ ಚೆಂಡು ಎಲ್ಲಿದೆಯೋ ಅಲ್ಲಿ ಅವನು. ಅಪ್ಪ ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು, ಅಗಿಯುವುದನ್ನೂ ಮರೆತು ನೋಡುತ್ತಿದ್ದ. ಅಣ್ಣ ಇಬ್ಬರನ್ನು ದಾಟಿದ, ಮೂರನೆಯವನು ಅಡ್ಡ ಬಂದ, ಅವನನ್ನೂ ದಾಟಿ ಒದ್ದ. ಚೆಂಡು ಗೋಲಿನೊಳಗೆ ಹೊಕ್ಕು ಹಿಂದಿನ ಗಣಿಗೆ ಧುಮುಕಿತು.

ಆಗ ಅಪ್ಪ ಹಾರಿದ. ಎರಡೂ ಕೈ ಮೇಲೆತ್ತಿ, ಜೀವಮಾನದಲ್ಲಿ ಕೂಗದಷ್ಟು ಜೋರಾಗಿ ಕೂಗಿದ: "ಶಾಬಾಸ್!"

ಕೂಗಿದ್ದು ಹೌದು. ಆದರೆ ಬಾಯಿ ತುಂಬ ಎಲೆ. ಕೊನೆಯ ಅಕ್ಷರ ಆ ಕೆಂಪು ರಸದಲ್ಲೇ ಮುಳುಗಿತು. "ಶಾಬಾ..." ಎಂಬಷ್ಟೇ ಬೈಲಿಗೆಲ್ಲ ಕೇಳಿಸಿತು. ಗೋಲಾಗಿ ಬಾಯಿ ಕಟ್ಟಿಸಿಕೊಂಡು ಕೂತಿದ್ದ ಎದುರುಗಡೆಯ ಮಂದಿಗೆ ಅಷ್ಟೇ ಬೇಕಿತ್ತು. ಪರವೂರಿನವರ ನಡುವಿನಿಂದ ಯಾರೋ ದೊಡ್ಡ ಮನುಷ್ಯ ತಮ್ಮೂರಿಗೆ ಧೈರ್ಯ ಹೇಳಿದ ಎಂದುಕೊಂಡು ನೂರಾರು ಬಾಯಿ ಒಮ್ಮೆಗೇ ಎದ್ದವು: "ಶಾಬಾದ್! ಶಾಬಾದ್!"

ಅಪ್ಪ ಗಾಬರಿಯಾಗಿ ಇನ್ನೂ ಜೋರಾಗಿ ಕೂಗಿದ. ಅವರು ಅದಕ್ಕಿಂತ ಜೋರಾಗಿ ಕೂಗಿದರು. ಬೆಂಕಿಗೆ ಎಣ್ಣೆ ಹೊಯ್ಯುವುದು ಅಂದರೆ ಇದೇ. ನಮ್ಮ ಡ್ರಿಲ್ ಮಾಸ್ತರ ಖಾದರ್ ಸಾಹೇಬರು ಹತ್ತಿರ ಬಂದು ತಣ್ಣಗೆ ಕೇಳಿದರು: "ಸಾವ್ಕಾರ್ರ, ನೀವು ಯಾವೂರವರ್ರಿ?"

"ಶಾಬಾಸ್ ಅಂದೆ ನಾ! ನನ್ನ ಮಗಗ ಅಂದೆ!"

"ನಮ್ಗೆಲ್ಲಾ ಕೇಳಿಸ್ತ ಬಿಡ್ರಿ."

ಅಣ್ಣ ಅಲ್ಲೇ, ಗೋಲಿನ ಮುಂದೆ, ಈ ಕಡೆ ತಿರುಗಿ ನಿಂತಿದ್ದ. ಬೈಲೆಲ್ಲ ಶಾಬಾದ್ ಶಾಬಾದ್ ಎಂದು ಮೊರೆಯುತ್ತಿದೆ, ನಡುವೆ ಅಪ್ಪ ಕೈ ಎತ್ತಿ ಕುಣಿಯುತ್ತಿದ್ದಾನೆ. ಅವನಿಗೆ ಕಂಡದ್ದು ಅದು. ನಾನು ಕೈ ಬೀಸಿ "ಅಲ್ಲ, ಅಲ್ಲ" ಎಂದೆ. ಅದು ಅವನಿಗೆ ಏನೆಂದು ಅನಿಸಿತೋ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎದುರುಗಡೆಯಿಂದ ಇಬ್ಬರು ಹಿರಿಯರು ಬೈಲಿನಂಚಿನಲ್ಲಿ ಸುತ್ತಿಕೊಂಡು ನಮ್ಮ ಹತ್ತಿರ ಬಂದೇ ಬಿಟ್ಟರು. "ಬರ್ರಿ ಸಾವ್ಕಾರ್ರ, ಇಲ್ಲಿ ಬಿಸಲಾಗ ಯಾಕ ನಿಂತೀರಿ? ನಮ್ಮ ಕಡಿ ಕುಂದ್ರಿ ಬರ್ರಿ. ಮಗೀಗಿ ನೀರ ಕುಡಸ್ರಿ, ಮಾರಿ ಬಾಡ್ಯಾದ." ಅಪ್ಪ ಒಲ್ಲೆ ಅಂದ. ಅವರು ಕೈ ಹಿಡಿದರು. ನಮ್ಮೂರವರು ಆಗಲೇ ಅವನಿಗೆ ಬೆನ್ನು ತಿರುಗಿಸಿದ್ದರು. ಮತ್ತೆ ನಾನು, ಹೇಳಿಕೊಳ್ಳಲು ಈಗಲೂ ನಾಚಿಕೆ, ನೀರಿನ ಹೆಸರು ಕೇಳಿ ಅಪ್ಪನ ಧೋತರ ಜಗ್ಗಿದೆ. ಹೀಗೆ ನಾವು ನೆರಳಿಗೆ ಹೋದೆವು. ಆ ದಪ್ಪ ಹೆಂಗಸೇ ನೀರು ಕೊಟ್ಟಳು, ಎಲೆಯಲ್ಲಿ ಬಿಸಿ ಭಜಿ ಇಟ್ಟು "ತಿನ್ನು ಬೇಟಿ" ಅಂದಳು. ತಿಂದೆ. ರುಚಿಯಾಗಿಯೂ ಇತ್ತು.

ಸ್ವಲ್ಪ ಹೊತ್ತಿಗೆ ಚೆಂಡು ಅಣ್ಣನ ಕಾಲಿಗೆ ಬಂತು, ಮುಂದೆ ಗೋಲು ಕಾಯುವವನೊಬ್ಬನೇ. ಅವನು ಒಂದು ಸಲ ನೆರಳಿನ ಕಡೆ ನೋಡಿದ. ಶಾಬಾದದವರ ನಡುವೆ ಹಾಸುಗಲ್ಲಿನ ಮೇಲೆ ಅಪ್ಪ, ಪಕ್ಕದಲ್ಲಿ ಭಜಿ ತಿನ್ನುವ ನಾನು. ಒದ್ದ. ಚೆಂಡು ಎತ್ತಲೋ ಹೋಯಿತು. ಆಮೇಲೆ ಅವರು ಇನ್ನೊಂದು ಗೋಲು ಹೊಡೆದರು, ಆಟ ಮುಗಿಯಿತು. ಗುಲ್ಬರ್ಗಾ ಅವರ ಪಾಲಾಯಿತು.

ಮರಳುವಾಗ ಗಾಡಿಯಲ್ಲಿ ಅಣ್ಣ ಬಾಗಿಲ ಬಳಿ ನಿಂತಿದ್ದ. ಅಪ್ಪ ಕಿಟಕಿಯ ಪಕ್ಕ. ನಡುವೆ ನಾನು. ಬಾಯಿಯ ಎಲೆ ಉಗುಳಿಯಾಗಿತ್ತು, ಗಂಟಲು ಸರಿಯಿತ್ತು, ಮಗ ಐದು ಮೊಳ ದೂರದಲ್ಲಿದ್ದ. "ನಿನಗೇ ಅಂದಿದ್ದು ಮಗನೇ" ಎಂದು ಒಂದು ಮಾತು ಹೇಳಲು ಈ ಮನುಷ್ಯನಿಗೆ ಏನಾಗಿತ್ತು? ಹೊರಗಡೆಯ ರಾವೂರದ ಹೊಲ ನೋಡುತ್ತ, "ಈ ಸಲ ಕಡ್ಲಿ ಛಲೋ ಬಂದದ" ಎಂದ. ಯಾರೂ ಕೇಳಿರಲಿಲ್ಲ.

ನಾನೇ ಎದ್ದು ಹೋಗಿ ಅಣ್ಣನಿಗೆ ಹೇಳಿದೆ: "ಅಪ್ಪ ಶಾಬಾಸ್ ಅಂದಾರ. ನಾ ಬಾಜೂಕೇ ಇದ್ದೆ."

"ಸುಮ್ನಿರು. ನನಗ ಸಮಾಧಾನ ಮಾಡಾಕ ಸುಳ್ಳ ಹೇಳಬ್ಯಾಡ. ಭಜಿ ಛಲೋ ಇದ್ದುವೇನು?"

ಅದಾದ ಮೇಲೆ ಅಣ್ಣ ಎರಡು ವರ್ಷ ಆಡಿದ, ಬಿಟ್ಟ. ಅಂಗಡಿಯಲ್ಲಿ ಅಪ್ಪನ ಪಕ್ಕದಲ್ಲೇ ಕೂತ. ಇಬ್ಬರೂ ಒಂದೇ ಗಾದಿಯ ಮೇಲೆ ಹದಿನಾರು ವರ್ಷ ಕೂತರು, ತೊಗರಿಯ ಬಗ್ಗೆ ಲಕ್ಷ ಮಾತಾಡಿದರು, ಇದೊಂದನ್ನು ಆಡಲಿಲ್ಲ. ತವರಿಗೆ ಬಂದಾಗೊಮ್ಮೆ ನಾನು ಅಪ್ಪನ ಬೆನ್ನು ಹತ್ತುತ್ತಿದ್ದೆ: "ಒಂದ ಸಲ ಹೇಳಿಬಿಡ್ರಿ ಅಪ್ಪಾ." ಅಪ್ಪ, "ಅವಗೆಲ್ಲಾ ಗೊತ್ತದ" ಅನ್ನುತ್ತಿದ್ದ. ಅಣ್ಣನ ಬೆನ್ನು ಹತ್ತಿದರೆ, "ಅವರ ಬಾಯಿಲೆ ಬರಲಿ" ಅನ್ನುತ್ತಿದ್ದ. ಮಗ್ಗುಲಿಗೆ ಮಗ್ಗುಲು ಹಚ್ಚಿ ಕೂತ ಇಬ್ಬರ ನಡುವೆ ನಾನು ಅಂಚೆಯವನಂತೆ ಓಡಾಡಿದೆ, ಕಾಗದ ಯಾರೂ ಬಿಡಿಸಲಿಲ್ಲ. ಅಪ್ಪ ತೀರಿಕೊಂಡ. ಅಣ್ಣ ಮದುವೆ ಮುಂಜಿಗಳಲ್ಲಿ ಇದನ್ನೇ ನಗೆಯ ಕತೆ ಮಾಡಿ ಹೇಳತೊಡಗಿದ. "ಮಗ ಗೋಲ ಹೊಡದ್ರ ನಮ್ಮಪ್ಪ ಶಾಬಾದಕ್ಕ ಜೈ ಅಂದ್ರು," ಎನ್ನುವನು. ಎಲ್ಲರೂ ಹೊಟ್ಟೆ ಹಿಡಿದು ನಗುವರು. ಪ್ರತಿ ಸಲವೂ ನಾನು "ಶಾಬಾಸ್ ಅಂದಿದ್ರೋ" ಅನ್ನುವೆ, ಅದಕ್ಕೂ ಒಂದು ನಗು.

ಅಣ್ಣನ ಕೊನೆಯ ವರ್ಷ ನೋಡಲು ಹೋಗಿದ್ದೆ. ಮನೆಯವರೆಲ್ಲ ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದ:

"ತಂಗಿ, ಅವತ್ತು ಖರೇನೇ ಶಾಬಾಸ್ ಅಂದಿದ್ರೇನು?"

"ಖರೇನೇ."

"ಎಷ್ಟ ಸಲ ಅಂದ್ರು?"

ಒಂದು ಸಲ ಅಂದದ್ದು ನನಗೆ ಖಾತ್ರಿ. ಉಳಿದದ್ದರಲ್ಲಿ ಅಪ್ಪನದೆಷ್ಟು, ಆ ಬೈಲಿನದೆಷ್ಟು ಎಂದು ಯಾರಿಗೆ ಗೊತ್ತು. "ಮೂರು ಸಲ," ಅಂದೆ.

ಅಣ್ಣನ ಕಣ್ಣಂಚು ಒದ್ದೆಯಾಯಿತು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿನಿಂದಲೇ ಕೇಳಿದ:

"ಮತ್ತ ನೀ ಅವತ್ತೇ ಹೇಳ್ಬಾರದಾಗಿತ್ತೇನು?"

ಐವತ್ತು ವರ್ಷ ಬಡಿದುಕೊಂಡಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. "ತಪ್ಪಾತು ಅಣ್ಣಾ," ಅಂದೆ.

ಅವನು ಹೋಗಿ ಶ್ರಾವಣಕ್ಕೆ ಎರಡು ವರ್ಷವಾಯಿತು. ಆಗ ನುಂಗಿದ ಮಾತೆಲ್ಲ ಇನ್ನೂ ನನ್ನ ಗಂಟಲಲ್ಲೇ ಇದೆ. ಮನಸ್ಸು ಬಿಚ್ಚಿ ಬೈದುಬಿಡೋಣವೆಂದರೆ ಆ ಇಬ್ಬರಲ್ಲಿ ಒಬ್ಬನೂ ಇಲ್ಲ.