ಹಳದಿ ಗೆರೆಯ ಆಚೆ

ಶಾಲೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಮಕ್ಕಳ ಬಾಯಲ್ಲಿ ಆಕೆ ಜೋಕೆ ಟೀಚರ್. ಮೆಟ್ಟಿಲು ಹತ್ತುವವರಿಗೂ ಜೋಕೆ, ಇಳಿಯುವವರಿಗೂ ಜೋಕೆ, ಪೆನ್ಸಿಲ್ ಚೂಪು ಮಾಡುವವರಿಗೂ ಜೋಕೆ. ಸ್ಟಾಫ್ ರೂಮಿನಲ್ಲಿ ಯಾರೋ ಸೀನಿದಾಗಲೂ ಜೋಕೆ ಅಂದರಂತೆ; ಡ್ರಿಲ್ ಮೇಷ್ಟ್ರು ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ನಗುವವರಿಗೇನು, ನಗುತ್ತಾರೆ. ಹೆದರುವವರ ಪಾಡು ಹೆದರುವವರಿಗೇ ಗೊತ್ತು. ಹಗ್ಗ ಕಂಡರೆ ಹಾವು ಅನ್ನುವವರಿದ್ದಾರೆ. ಈಕೆ ಹಗ್ಗ ಕಟ್ಟಿದ ಗೂಟದಿಂದಲೂ ದೂರ. ಮನೆಯಲ್ಲಿ ಕುಕ್ಕರ್ ಕೂಗಿದರೆ ಅಡುಗೆಮನೆ ಬಿಟ್ಟು ಓಡಿಬರುವರು. ಸ್ಟೌ ಹಚ್ಚುವುದು ಗಡಿಯಾರ ರಿಪೇರಿ ಮಾಡುವ ಗಂಡನ ಕೆಲಸ. "ನಿನ್ನನ್ನ ಕೆಮಿಸ್ಟ್ರಿಗೆ ಸೇರಿಸಿದ ಪುಣ್ಯಾತ್ಮ ಯಾರೇ?" ಎಂದು ಆತ ಕಡ್ಡಿ ಗೀರುತ್ತಾ ಕೇಳುವನು. ಸೇರಿಸಿದವನು ಆಕೆಯ ಅಣ್ಣ. ಮಾರ್ಕ್ಸು ಚೆನ್ನಾಗಿ ಬಂದಿತ್ತು, ಅವನು ಅರ್ಜಿ ತುಂಬಿದ. ಬೇಡ ಅನ್ನಲೂ ಆಕೆಗೆ ಹೆದರಿಕೆಯಾಗಿತ್ತು.

ಕೆಲಸಕ್ಕೆ ಸೇರಿದ ವರ್ಷವೇ ಆಕೆ ಪೇಂಟ್ ಡಬ್ಬಿ ತರಿಸಿ, ಪ್ರಯೋಗದ ಮೇಜಿನಿಂದ ಎರಡು ಮಾರು ದೂರದಲ್ಲಿ, ಲ್ಯಾಬಿನ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಹಳದಿ ಗೆರೆ ಎಳೆಸಿದರು. ಮಕ್ಕಳೆಲ್ಲ ಗೆರೆಯ ಹಿಂದೆ, ಟೀಚರ್ ಮುಂದೆ. ಮೊಣಕೈವರೆಗೆ ರಬ್ಬರ್ ಗ್ಲೌಸು, ಮುಖ ಅತ್ತ ತಿರುಗಿಸಿ, ಕೈ ಉದ್ದಕ್ಕೆ ಚಾಚಿ ಒಂದು ತೊಟ್ಟು ಹಾಕುವರು. "ಬಣ್ಣ ಬದಲಾಯ್ತು, ಬರ್ಕೊಳ್ಳಿ." ಮಕ್ಕಳು ಬರೆದುಕೊಳ್ಳುವರು. ವಾರ್ಷಿಕ ಪರೀಕ್ಷೆಯ ದಿನ ಮಾತ್ರ ಒಬ್ಬೊಬ್ಬರಾಗಿ ಗೆರೆ ದಾಟಿ, ಪಕ್ಕದಲ್ಲಿ ಟೀಚರ್ ಉಸಿರು ಬಿಗಿಹಿಡಿದು ನಿಂತಿರುವಾಗ, ಲಿಟ್ಮಸ್ ಕಾಗದ ಅದ್ದಿ ತೆಗೆದು ಓಡುವರು. ಅಷ್ಟು ವರ್ಷಗಳಲ್ಲಿ ಆ ಲ್ಯಾಬಿನಲ್ಲಿ ಒಬ್ಬರ ಬೆರಳೂ ಸುಡಲಿಲ್ಲ. ಒಬ್ಬರ ಬೆರಳೂ ಏನನ್ನೂ ಕಲಿಯಲೂ ಇಲ್ಲ ಎನ್ನುವುದು ಬೇರೆ ಮಾತು; ಅದನ್ನು ಯಾರೂ ಕೇಳಿರಲಿಲ್ಲ.

ಕೇಳಿದವಳು ಆ ವರ್ಷ ಕೊನೆಯ ತರಗತಿಗೆ ಹೊಸದಾಗಿ ಸೇರಿದ ಹುಡುಗಿ. ಹುಟ್ಟಿನಿಂದ ಕಣ್ಣು ಕಾಣದು. ಒಮ್ಮೆ ಕೇಳಿದ ಪಾಠವನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳೆಂದು ಗೆಳತಿಯರು ಅವಳಿಗೆ ಟೇಪು ಎಂದು ಹೆಸರಿಟ್ಟಿದ್ದರು. ಮೊದಲ ದಿನ ಲ್ಯಾಬಿನಲ್ಲಿ ಗೆಳತಿಯ ತೋಳು ಹಿಡಿದು ಗೆರೆಯ ಹಿಂದೆ ನಿಂತಳು. ಟೀಚರ್ ತೊಟ್ಟು ಹಾಕಿದರು, ಬರ್ಕೊಳ್ಳಿ ಅಂದರು.

"ಟೀಚರ್, ಇವರೆಲ್ಲ ಇಲ್ಲಿಂದ ನೋಡ್ತಾರೆ. ನಾನೇನು ಮಾಡ್ಲಿ?" ಎಂದಳು ಟೇಪು.

"ನೀನು ಕೇಳಿಸ್ಕೊಳ್ಳಮ್ಮ."

"ಬಣ್ಣ ಬದಲಾಗೋದು ಕೇಳಿಸಲ್ಲ ಟೀಚರ್."

ತರಗತಿ ಗೊಳ್ಳೆಂದು ನಕ್ಕಿತು. ಟೀಚರಿಗೆ ನಗು ಬರಲಿಲ್ಲ. ಕೈಯಲ್ಲಿದ್ದ ಟೆಸ್ಟ್ ಟ್ಯೂಬನ್ನು ಸ್ಟ್ಯಾಂಡಿಗೆ ಇಡಲು ಹೋದರೆ ತೂತು ಸಿಗಲಿಲ್ಲ.

ಹೆಡ್ ಮೇಷ್ಟ್ರ ಬಳಿ ಇದಕ್ಕೆ ಸುಲಭದ ದಾರಿ ಇತ್ತು. ಕಣ್ಣು ಕಾಣದ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಮಾಫಿ. ಬದಲಿಗೆ ನಾಲ್ಕು ಪ್ರಶ್ನೆಗೆ ಉತ್ತರ ಬರೆದರೆ ಆಯಿತು. ಆದರೆ ಮಾಫಿ ತೆಗೆದುಕೊಂಡರೆ ಮುಂದೆ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟಿಲ್ಲ. ಟೇಪುವಿಗೆ ಬೇಕಾಗಿದ್ದದ್ದು ಅದೊಂದೇ. ಅವಳ ಅಮ್ಮ ಇಸ್ತ್ರಿ ಅಂಗಡಿಯಿಂದ ಹಾಗೇ ಬಂದು ಮಗಳ ಕೈಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಮುಂಗೈ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿಯಷ್ಟೇ ಚೂಪಾದ ಸುಟ್ಟ ಕಲೆ.

"ಅಂಗಡೀಲಿ ಅರ್ಧ ಬಟ್ಟೆ ಅವಳೇ ಇಸ್ತ್ರಿ ಮಾಡ್ತಾಳೆ ಟೀಚರ್. ಇದು ನೋಡಿ, ಸುಟ್ಕೊಂಡಿದ್ದು ನಾನು, ಅವಳಲ್ಲ."

ಒಳಗೆ ಕೂತಿದ್ದ ಹೆಡ್ ಮೇಷ್ಟ್ರು ಟೀಚರ್ ಕಡೆ ತಿರುಗಿದರು. "ನೀವು ಒಪ್ಕೊಂಡ್ರೆ ನಿಮ್ಮ ಜವಾಬ್ದಾರಿ. ಏನಾದ್ರೂ ಆದ್ರೆ ನನ್ನ ಹೆಸರು ಎತ್ತಬೇಡಿ."

ಹೆದರುವವರ ಮೇಲೆ ಹಾವು ಎಸೆಯುವುದೆಂದರೆ ಇದೇ. ಒಪ್ಪಿಕೊಂಡರೆ ಆಸಿಡ್ಡಿನ ಭಯ. ಇಲ್ಲ ಅನ್ನೋಣವೆಂದರೆ ಎದುರಿಗೆ ಆ ಹುಡುಗಿಯ ಮುಖ. ಟೀಚರ್ ತಲೆ ಆಡಿಸಿದರು. ಹೌದೆಂದೋ ಇಲ್ಲವೆಂದೋ ಅವರಿಗೇ ತಿಳಿಯಲಿಲ್ಲ. ಅಮ್ಮ ಹೌದೆಂದು ತಿಳಿದು ಕೈಮುಗಿದು ಹೋದರು.

ದಾರಿ ಪಠ್ಯಪುಸ್ತಕದಲ್ಲೇ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಆಕೆ ಪ್ರತಿ ವರ್ಷ ಹಾರಿಸುತ್ತಿದ್ದ ಪುಟ್ಟ ಪ್ಯಾರಾ ಅದು. ಹೆಚ್ಚಿದ ಈರುಳ್ಳಿಯ ಜೊತೆ ಬಟ್ಟೆಯ ಚೂರುಗಳನ್ನು ಒಂದು ರಾತ್ರಿ ಮುಚ್ಚಿಡಬೇಕು. ಕ್ಷಾರ ಬಿದ್ದರೆ ಬಟ್ಟೆಯ ಈರುಳ್ಳಿ ವಾಸನೆ ಹೋಗುತ್ತದೆ. ಆಸಿಡ್ ಬಿದ್ದರೂ ನೀರು ಬಿದ್ದರೂ ಹಾಗೇ ಇರುತ್ತದೆ. ಆ ಎರಡನ್ನು ಬೇರೆ ಮಾಡಲು ಅಡುಗೆ ಸೋಡಾ ಸಾಕು: ಆಸಿಡ್ಡಿಗೆ ಒಂದು ಚಿಟಿಕೆ ಹಾಕಿದರೆ ಬುಸುಗುಟ್ಟುವುದು ಕಿವಿಗೆ ಕೇಳುತ್ತದೆ, ಗಾಜಿನ ಮೇಲಿಟ್ಟ ಬೆರಳಿಗೂ ತಿಳಿಯುತ್ತದೆ. ಕಣ್ಣಿಗೆ ಇಲ್ಲಿ ಕೆಲಸವೇ ಇಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಅಭ್ಯಾಸ. ಟೀಚರ್ ಕೊಡುತ್ತಿದ್ದದ್ದು ಮಾತ್ರ ವಿನೆಗರ್ ಮತ್ತು ಸುಣ್ಣದ ತಿಳಿನೀರು. ಅದಕ್ಕೂ ದೊಡ್ಡ ಕನ್ನಡಕ ಹಾಕಿಸುವರು.

"ಕನ್ನಡಕ ನನಗ್ಯಾಕೆ ಟೀಚರ್?"

"ಕಾಣದಿದ್ರೂ ಉರಿಯುತ್ತೆ ಕಣೆ. ಹಾಕ್ಕೋ."

"ಆಸಿಡ್ ಯಾವಾಗ ಕೊಡ್ತೀರಿ? ವಿನೆಗರ್ ಬಾಗಿಲಲ್ಲೇ ಮೂಗಿಗೆ ಹೊಡೆಯುತ್ತೆ. ಇದೇನು ಪರೀಕ್ಷೆ?"

"ಕೊಡ್ತೀನಿ, ಕೊಡ್ತೀನಿ. ಇವತ್ತು ಬೇಡ."

ಆ ಇವತ್ತು ಪರೀಕ್ಷೆಯ ಹಿಂದಿನ ದಿನದವರೆಗೂ ಮುಂದುವರಿಯಿತು. ಒಂದು ಮಾತನ್ನು ಮಾತ್ರ ಆಕೆ ದಿನವೂ ಹೇಳುತ್ತಿದ್ದರು. "ಪಕ್ಕದವರು ಹೇಳಿದ್ದನ್ನ ಹೇಳಬೇಡ. ಪುಸ್ತಕದಲ್ಲಿ ಇರೋದನ್ನೂ ಹೇಳಬೇಡ. ನಿನ್ನ ಕೈಗೆ, ಮೂಗಿಗೆ ಏನು ಸಿಕ್ಕಿತೋ ಅದನ್ನ ಹೇಳು." ಪಾಠ ಮಾಡುವುದರಲ್ಲಿ ಆಕೆ ಕೆಟ್ಟವರಲ್ಲ, ಪಾಪ. ಭಯ ಒಂದು ಇಲ್ಲದಿದ್ದರೆ ಚಿನ್ನದಂಥ ಟೀಚರ್.

ಪರೀಕ್ಷೆಯ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದವರು ಆಕೆಯೇ. ಪ್ರತಿ ವಿದ್ಯಾರ್ಥಿಗೂ ಮೂರು ಟೆಸ್ಟ್ ಟ್ಯೂಬು: ಒಂದರಲ್ಲಿ ಆಸಿಡ್, ಒಂದರಲ್ಲಿ ಕಾಸ್ಟಿಕ್ ಸೋಡಾ ಎಂಬ ಕ್ಷಾರ, ಒಂದರಲ್ಲಿ ನೀರು. ಯಾವುದು ಏನೆಂದು ಹೇಳಬೇಕು. ಎಲ್ಲರದ್ದೂ ತುಂಬಿದರು. ಟೇಪುವಿನ ಸ್ಟ್ಯಾಂಡಿಗೆ ಬಂದಾಗ ಆಸಿಡ್ ಬಾಟಲಿ ಕೆಳಗಿಟ್ಟರು. ಆ ಆಸಿಡ್ಡಿಗೆ ಎಷ್ಟು ನೀರು ಬೆರೆಸಿದೆ ಎಂದು ಆಕೆಗೆ ಗೊತ್ತು. ಚರ್ಮಕ್ಕೆ ಬಿದ್ದರೆ ಚುರುಕ್ಕೆನ್ನಬಹುದು, ತೊಳೆದರೆ ಹೋಯಿತು. ಗೊತ್ತಿದ್ದರೇನು? ಭಯ ಲೆಕ್ಕ ಕೇಳುವುದಿಲ್ಲ. ಹುಡುಗಿಯ ಕೈ ಜಾರಿದಂತೆ, ಕಿರುಚಿದಂತೆ, ಅವಳ ಅಮ್ಮ ಗೇಟಿನಿಂದ ಓಡಿಬಂದಂತೆ ಎಲ್ಲವೂ ಕಣ್ಣ ಮುಂದೆ ಬಂದುಹೋಯಿತು.

ಆಕೆ ನಲ್ಲಿ ತಿರುಗಿಸಿ ಮೂರು ಟ್ಯೂಬಿಗೂ ನೀರು ತುಂಬಿಟ್ಟರು.

ಮಕ್ಕಳು ಸಾಲಾಗಿ ಬಂದಾಗ ಟೇಪುವಿನ ಕಿವಿಯ ಬಳಿ ಬಗ್ಗಿ, "ಎಡಗಡೆ ಆಸಿಡ್, ಮಧ್ಯ ಕ್ಷಾರ, ಬಲಗಡೆ ನೀರು. ಸುಮ್ಮನೆ ಹಾಗೆ ಹೇಳ್ಬಿಡು ತಾಯಿ," ಎಂದು ಪಿಸುಗುಟ್ಟಿದರು. ಹುಡುಗಿ ಕನ್ನಡಕ ಹಾಕಿಕೊಂಡಳು. ಒಮ್ಮೆ ಕೇಳಿದರೆ ಮರೆಯದವಳು, ಹೇಳಿಬಿಡುತ್ತಾಳೆ, ಮಾರ್ಕ್ಸು ಬರುತ್ತದೆ, ಕೈಯೂ ಸುಡುವುದಿಲ್ಲ ಎಂದುಕೊಂಡು ಟೀಚರ್ ಉಸಿರು ಬಿಟ್ಟರು.

ಬೇರೆ ಊರಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಕೆಟ್ಟವರಲ್ಲ, ಅವಸರದವರು. "ಈ ಮಗೂಗೆ ಯಾಕೆ ಕಷ್ಟ? ಮಾರ್ಕ್ಸು ಕೊಟ್ಬಿಡೋಣ ಬಿಡಿ," ಎಂದರು.

"ಬೇಡ ಸರ್. ಮಾಡ್ತೀನಿ," ಎಂದಳು ಟೇಪು.

ಬಟ್ಟೆಯ ಮೂರು ಚೂರುಗಳನ್ನು ಸಾಲಾಗಿ ಹರಡಿದಳು. ಡ್ರಾಪರಿನಿಂದ ಒಂದೊಂದಕ್ಕೆ ತೊಟ್ಟು ಹಾಕಿ ಮೂಸಿದಳು. ಹುಬ್ಬು ಗಂಟಿಕ್ಕಿತು. ಮತ್ತೆ ಮೂಸಿದಳು. ಒಂದೊಂದು ಟ್ಯೂಬಿಗೂ ಚಿಟಿಕೆ ಅಡುಗೆ ಸೋಡಾ ಹಾಕಿ ಗಾಜಿಗೆ ಬೆರಳಿಟ್ಟು ಕಾದಳು.

"ಮೂರೂ ನೀರು ಸರ್."

ಪರೀಕ್ಷಕರು ಕೈಯಲ್ಲಿದ್ದ ಉತ್ತರದ ಚೀಟಿ ನೋಡಿದರು. "ಮೂರೂ ನೀರಾ? ಇನ್ನೊಂದ್ಸಲ ನೋಡಮ್ಮ. ಇಲ್ಲಿ ಏನೋ ಮೋಸ ಆಗಿರಬೇಕು ನಿನಗೆ."

ಅವರು ಮೋಸವೆಂದದ್ದು ಹುಡುಗಿಯ ಮೂಗಿಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಟೀಚರ್ ಕೈಯನ್ನು ಗಬಕ್ಕನೆ ಬೆನ್ನ ಹಿಂದೆ ಒಯ್ದರು.

ಟೇಪು ಮತ್ತೆ ಮಾಡಿದಳು. ಈ ಸಲ ಬೆರಳು ಅವಸರಪಟ್ಟಿತು. ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಳು. "ಸರ್... ನನಗೆ ಮೂರೂ ನೀರು ಅಂತಾನೇ..." ಧ್ವನಿ ಸಣ್ಣದಾಯಿತು.

"ಪರವಾಗಿಲ್ಲ ಬಿಡು, ನಿನ್ನ ತಪ್ಪಲ್ಲ," ಎಂದು ಪರೀಕ್ಷಕರು ಅವಳ ತಲೆ ಸವರಿದರು. "ಅದಕ್ಕೇ ಮಾಫಿ ಅಂತ ಇಟ್ಟಿರೋದು. ಇದೆಲ್ಲ ಕಣ್ಣಿರೋರ ಕೆಲಸ." ಪೆನ್ನಿನ ಮುಚ್ಚಳ ತೆಗೆದರು.

ಟೇಪು ತನ್ನ ಎರಡು ಕೈಗಳನ್ನೂ ಲಂಗಕ್ಕೆ ಒರೆಸಿಕೊಂಡಳು. "ನನ್ನ ಮೂಗೇ ಸರಿಯಿಲ್ಲವೇನೋ ಸರ್," ಎಂದಳು.

ಟೀಚರ್ ಬಾಳಿನಲ್ಲಿ ಸಾವಿರ ಸಲ ಹೆದರಿದ್ದರು. ಆ ಮಾತಿಗೆ ಹೆದರಿದಂತೆ ಯಾವುದಕ್ಕೂ ಹೆದರಿರಲಿಲ್ಲ. ಆಸಿಡ್ ಬಿದ್ದಿದ್ದರೆ ಬೆರಳಿಗೆ ಬೀಳುತ್ತಿತ್ತು, ತೊಳೆದರೆ ಹೋಗುತ್ತಿತ್ತು. ಇದು ಎಲ್ಲಿಗೆ ಬಿತ್ತು? ಬಾಯಿ ತೆರೆದರೆ ಕೆಲಸಕ್ಕೆ ಕುತ್ತು. ಹೆಡ್ ಮೇಷ್ಟ್ರು ಕೈ ತೊಳೆದುಕೊಳ್ಳುತ್ತಾರೆ, ಊರೆಲ್ಲ ಪರೀಕ್ಷೆಯಲ್ಲಿ ಮೋಸ ಮಾಡಿದ ಟೀಚರ್ ಎನ್ನುತ್ತದೆ.

"ನೀರೇ ಸರ್," ಎಂದರು. ಯಾರಿಗೂ ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು ಕೂಗಿದಂತೆ ಹೇಳಿದರು: "ಮೂರೂ ನೀರೇ! ನಾನೇ ತುಂಬಿಸಿದ್ದು. ಅವಳು ಸುಟ್ಕೋತಾಳೆ ಅಂತ ಹೆದರಿ. ಅವಳು ಹೇಳಿದ್ದು ಸರಿ ಸರ್, ಮಾಫಿ ಅಂತ ಬರೀಬೇಡಿ."

ಪರೀಕ್ಷಕರು ಆಸಿಡ್ ಇರಬೇಕಿದ್ದ ಎಡಗಡೆಯ ಟ್ಯೂಬಿಗೆ ನೀಲಿ ಲಿಟ್ಮಸ್ ಅದ್ದಿದರು. ಬಣ್ಣ ಅಲುಗಲಿಲ್ಲ. "ಇದೇನು ಮಾಡಿದ್ರಿ ಅಂತ ಗೊತ್ತಾ ನಿಮಗೆ? ಇದನ್ನ ನಾನು ಮೇಲಿನವರಿಗೆ ಬರೀಲೇಬೇಕಾಗುತ್ತೆ."

"ಬರೀರಿ ಸರ್." ಟೀಚರ್ ಅಳುತ್ತಿದ್ದರು. "ಅದಕ್ಕೂ ಮುಂಚೆ ಅವಳಿಗೆ ನಿಜವಾದದ್ದು ಕೊಡಿ. ನೀವೇ ಕೊಡಿ, ನನ್ನ ಕೈ ನಿಲ್ತಾ ಇಲ್ಲ."

ಟೇಪು ಧ್ವನಿ ಬಂದ ಕಡೆ ಮುಖ ತಿರುಗಿಸಿ ನಿಂತಿದ್ದಳು. ಅವಳ ಮುಖದಲ್ಲಿ ಮೊದಲು ಸಂತೋಷ ಬಂತು, ಮೂಗು ಸರಿಯಿದ್ದದ್ದಕ್ಕೆ. ಅದರ ಹಿಂದೆಯೇ ಇನ್ನೊಂದು ಬಂತು. "ನನಗೊಬ್ಬಳಿಗೇನಾ ಟೀಚರ್, ನೀರು?" ಎಂದಳು.

ಟೀಚರ್ ಹಿಂದೆ ಹಿಂದೆ ಸರಿದರು, ಬೆನ್ನು ಗೋಡೆಗೆ ತಾಗುವವರೆಗೂ.

ಪರೀಕ್ಷಕರೇ ಬೇರೆ ಮೂರು ಟ್ಯೂಬು ತುಂಬಿ, ಅದಲು ಬದಲು ಮಾಡಿ ಇಟ್ಟರು. ಟೇಪು ಮೊದಲಿನಿಂದ ಶುರುಮಾಡಿದಳು. ಬಲಗಡೆಯದಕ್ಕೆ ಸೋಡಾ ಹಾಕುತ್ತಲೇ ಅದು ಬುಸ್ಸೆಂದು ಉಕ್ಕಿ ಅವಳ ಬೆರಳ ಮೇಲೆ ಹರಿಯಿತು. ಟೀಚರಿನ ಕಾಲು ಮುಂದೆ ಬರಲಿಲ್ಲ. ಹುಡುಗಿ ಕಿರುಚಲಿಲ್ಲ. ಟ್ಯೂಬನ್ನು ಸ್ಟ್ಯಾಂಡಿಗಿಟ್ಟು, ಮೇಜಿನ ಅಂಚು ಸವರುತ್ತಾ ನೆಟ್ಟಗೆ ನಲ್ಲಿಗೆ ಹೋಗಿ ಕೈ ತೊಳೆದುಕೊಂಡಳು. ಒದ್ದೆ ಕೈಯಿಂದ ನೀರು ತೊಟ್ಟಿಕ್ಕಿಸುತ್ತಾ ವಾಪಸು ಬಂದಳು.

"ಬಲಗಡೆ ಆಸಿಡ್ ಸರ್. ಎಡಗಡೆ ಕ್ಷಾರ. ಮಧ್ಯದ್ದು ನೀರು."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಪೆನ್ನಿಗೆ ಕೆಲಸ ಬಂತು, ಪೂರ್ತಿ ಮಾರ್ಕ್ಸು ಬಿತ್ತು.

ಆಗಲೇ ಟೀಚರ್ ತಲೆ ತಗ್ಗಿಸಿ ನೋಡಿದ್ದು. ಹಳದಿ ಗೆರೆ ಎದುರಿಗೆ ಬಿದ್ದಿತ್ತು. ತಾನು ನಿಂತಿರುವುದು ಅದರ ಹಿಂದೆ, ಹುಡುಗಿ ಅದರ ಆಚೆ. ಆಕೆ ಅವಳ ಕಡೆ ಹೆಜ್ಜೆ ಎತ್ತಿದರು.

ಹೆಜ್ಜೆಯ ಸಪ್ಪಳ ಕೇಳಿ ಟೇಪು ಕೈ ಮುಂದೆ ಚಾಚಿದಳು.

"ಜೋಕೆ ಟೀಚರ್," ಎಂದಳು. "ಇಲ್ಲಿ ನೆಲ ಒದ್ದೆ ಇದೆ."