ಮೂರನೆಯ ಕೂಗು

ಮೈಕಕ್ಕನ ಮನೆತನವೇ ಗಂಟಲಿನ ಮನೆತನ. ಅವಳ ಮುತ್ತಜ್ಜ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವನು. ಈ ದಡದಲ್ಲಿ ನಿಂತು ಒಂದು ಕೂಗು ಹಾಕಿದರೆ ಆಚೆ ದಡದಲ್ಲಿ ಮಲಗಿದ್ದವರು ಎದ್ದು ಚಪ್ಪಲಿ ಹುಡುಕುತ್ತಿದ್ದರಂತೆ. ಮಂಜು ಮುಸುಕಿದ ದಿನಗಳಲ್ಲಿ ದಿಕ್ಕು ತಪ್ಪಿದ ದೋಣಿಗಳನ್ನು ಬರೀ ಕೂಗಿನಿಂದಲೇ ದಡಕ್ಕೆ ಎಳೆದು ತಂದ ಗಟ್ಟಿಗ. ಅವನ ಸೊಸೆ, ಅಂದರೆ ಮೈಕಕ್ಕನ ಅಜ್ಜಿ, ಬಾಯಿ ತೆರೆದರೆ ಎದುರು ನಿಂತು ಜಗಳವಾಡುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ.

ಅಪ್ಪ ಕಲ್ಲುಗಣಿಯಲ್ಲಿ ಕೂಗುವ ಕೆಲಸದವನು. ಬಂಡೆ ಸಿಡಿಸುವ ಮುಂಚೆ ಜನರನ್ನು ದೂರ ಸರಿಸುವುದು ಅವನ ಹೊಣೆ. ಮೊದಲು ಎರಡು ಗಿಡ್ಡ ಕೂಗು, ಆಮೇಲೆ ಒಂದು ಉದ್ದನೆಯದು. ಆ ಮೂರನೆಯದು ಪೂರ್ತಿ ಮುಗಿಯುವ ತನಕ ಯಾರೂ ಬತ್ತಿಗೆ ಬೆಂಕಿ ಮುಟ್ಟಿಸುವಂತಿರಲಿಲ್ಲ. ಅವನು ಕೂಗಿದಷ್ಟು ಕಾಲ ಆ ಗಣಿಯಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ.

ಅಂಥವರ ಮಗಳಿಗೆ ಮೈಕಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ತಮ್ಮನೂ ಅದೇ ಅಚ್ಚು. ಬಸ್ಸಿನಲ್ಲಿ ಕಂಡಕ್ಟರು, ಅವನು 'ರೈಟ್' ಅಂದರೆ ಮುಂದಿನ ಬಸ್ಸೂ ಹೊರಡುತ್ತದೆ ಎಂದು ಜನ ನಗುತ್ತಿದ್ದರು. ಮೈಕಕ್ಕನದು ಮೊಟ್ಟೆ ವ್ಯಾಪಾರ. ಪುಟ್ಟ ಕಾರಿನ ಹಿಂದಿನ ಸೀಟು ಕಿತ್ತುಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಹಗ್ಗ ಬಿಗಿದು, ಬೇಕರಿಗಳಿಗೂ ಹಾಸ್ಟೆಲುಗಳಿಗೂ ತಾನೇ ಒಯ್ದು ಕೊಡುತ್ತಿದ್ದಳು.

ಆಮೇಲೆ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಹಿಂದೆಯೇ ದನಿಯೂ ಹೋಯಿತು. ಉಳಿದದ್ದು ಒಣ ಎಲೆ ಉಜ್ಜಿದಂಥ ಪಿಸುಮಾತು. ಹೆಸರು ಮಾತ್ರ ಹಾಗೇ ಉಳಿಯಿತು. ಮೈಕಕ್ಕ ಎಂದು ಕರೆದವರು ಮರುಗಳಿಗೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅದು ಅವಳಿಗೆ ಇನ್ನಷ್ಟು ಚುಚ್ಚುತ್ತಿತ್ತು.

ದನಿ ಹೋದದ್ದು ನಿಜಕ್ಕೂ ತಿಳಿದದ್ದು ತರಕಾರಿ ಮಂಡಿಯ ಮುಂದೆ. ಒಂದು ಟೆಂಪೊ ಹಿಮ್ಮುಖವಾಗಿ ಇವಳ ಕಾರಿನ ಮೇಲೇ ಬಂತು. ಹಾರ್ನ್ ಒತ್ತಿದಳು, ಅದು ಬೆಕ್ಕಿನ ಮರಿಯಂತೆ ಮಿಯಾಂವ್ ಎಂದಿತು. ಕಿಟಕಿಯಿಂದ ತಲೆ ಹೊರಹಾಕಿ ಕೂಗಲು ಬಾಯಿ ತೆರೆದಳು, ಬರೀ ಗಾಳಿ ಬಂತು. ಟೆಂಪೊ ಗುದ್ದಿಯೇ ನಿಂತಿತು. ಕಾರಿನ ಹಿಂಭಾಗದಲ್ಲಿ ಒಡೆದ ಮೊಟ್ಟೆಗಳ ಲೋಳೆ ಹಗ್ಗದ ಗಂಟಿಗೂ ಇಳಿದಿತ್ತು.

ಅಂದು ಸಂಜೆ ಅವಳ ತಮ್ಮ ಅಂಗಳದಲ್ಲಿ ಕೂತು ಬಾಗಿದ ಬಂಪರನ್ನೇ ನೋಡುತ್ತಿದ್ದ.

"ಅಕ್ಕಾ, ಕೀ ನನಗೆ ಕೊಟ್ಟುಬಿಡು. ಡ್ಯೂಟಿ ಮುಗಿಸಿ ನಾನೇ ಮೊಟ್ಟೆ ಲೈನಿಗೆ ಹೋಗ್ತೀನಿ. ಆ ಬಂಡೆ ತಿರುವಿನಲ್ಲಿ ಹೀಗಾಗಿದ್ರೆ ಏನು ಗತಿ?"

"ನೀನು ಬಸ್ಸಲ್ಲೇ ಕೂಗು" ಎಂದು ಪಿಸುಗುಟ್ಟಿದಳು.

"ಹಾಗಾದ್ರೆ ನನ್ನನ್ನ ಪಕ್ಕದಲ್ಲಿ ಕೂರಿಸ್ಕೋ. ಕಿಟಕಿಯಿಂದ ತಲೆ ಹೊರಗೆ ಹಾಕಿ ಪೋಂ ಪೋಂ ಅಂತೀನಿ. ಸಂಬಳವೂ ಬೇಡ."

ನಕ್ಕಳು. ಆದರೆ ಬಂಡೆ ತಿರುವಿನ ಮಾತು ತಲೆಯಿಂದ ಹೋಗಲಿಲ್ಲ. ಬಂಡೆ ತಿರುವು ಅಂದರೆ ಹಳೇ ಗಣಿಯ ಗುಡ್ಡವನ್ನು ಸೀಳಿ ಮಾಡಿದ ದಾರಿ. ಒಂದೇ ಗಾಡಿಯ ಅಗಲ, ಎರಡೂ ಕಡೆ ಕಲ್ಲಿನ ಗೋಡೆ, ಎದುರಿನಿಂದ ಯಾರು ಬರುತ್ತಾರೆಂದು ಕಾಣದು. ಜಲ್ಲಿ ಲಾರಿಗಳು ಓಡಾಡುವುದೂ ಅಲ್ಲೇ. ಹಾರ್ನ್ ಹೊಡೆದು, ಆಚೆಯಿಂದ ಉತ್ತರ ಬಾರದಿದ್ದರೆ ಮಾತ್ರ ನುಗ್ಗಬೇಕು. ಅವಳ ಮುಕ್ಕಾಲು ಗಿರಾಕಿಗಳು ಆ ತಿರುವಿನ ಆಚೆಗೇ ಇದ್ದರು. ದಿನವೂ ಬೇರೆ ದಾರಿಯ ಸುತ್ತು ಹಾಕಿದರೆ ಲಾಭವೆಲ್ಲ ಪೆಟ್ರೋಲಿಗೇ ಹೋಗುತ್ತದೆ. ತಿರುವು ದಾಟಲಾಗದಿದ್ದರೆ ಕಾರನ್ನು ಬಿಟ್ಟುಕೊಟ್ಟು ಮನೆಯಲ್ಲಿ ಕೂರಬೇಕು, ಅಷ್ಟೇ.

ಮರುದಿನ ಬಿಡಿಭಾಗದ ಅಂಗಡಿಗೆ ಹೋದಳು. ಕೌಂಟರಿನ ಮುಂದೆ ಜನ, ಹಿಂದೆ ಗ್ರೈಂಡರಿನ ಕಿರ್ರೆನ್ನುವ ಸದ್ದು.

"ಜೋರು ಹಾರ್ನ್ ಬೇಕು" ಎಂದಳು.

"ಏನಂದ್ರಿ?" ಅಂಗಡಿಯವನು ಕಿವಿಗೆ ಕೈ ಹಚ್ಚಿದ. ಪಕ್ಕದಲ್ಲಿದ್ದವರೆಲ್ಲ ತಿರುಗಿ ಅವಳ ಬಾಯನ್ನೇ ನೋಡಿದರು. ಮೂರು ಸಲ ಹೇಳಿ, ಕೊನೆಗೆ ಗೋಡೆಯಲ್ಲಿ ನೇತುಹಾಕಿದ್ದ ಜೋಡಿ ಹಾರ್ನನ್ನು ಬೆರಳಿನಿಂದ ತೋರಿಸಿದಳು. ಅಂಗಡಿಯವನು ಅದರ ಜೊತೆಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿಯನ್ನೂ ಹಾಕಿದ.

"ಇದು ರಿಲೇ. ಇದನ್ನ ಬಿಟ್ಟು ಹಾಕ್ಬೇಡಿ. ಹೆಂಗೆ ಹಾಕೋದು ಗೊತ್ತಲ್ಲ?"

ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನಬೇಕಾದರೆ ಮತ್ತೆ ಬಾಯಿ ತೆರೆಯಬೇಕು, ಮತ್ತೆ 'ಏನಂದ್ರಿ' ಎನಿಸಿಕೊಳ್ಳಬೇಕು. ತಲೆಯಾಡಿಸಿ ಹೊರಗೆ ಬಂದಳು.

ಅಂಗಳದಲ್ಲಿ ಬಾನೆಟ್ ಎತ್ತಿ ತಾನೇ ಕೆಲಸಕ್ಕೆ ಕೂತಳು. ಸ್ಪ್ಯಾನರ್ ಹಿಡಿಯುವುದು ಅವಳಿಗೆ ಹೊಸದಲ್ಲ. ಹಳೇ ಹಾರ್ನ್ ಬಿಚ್ಚಿ ಅದೇ ಜಾಗದಲ್ಲಿ ಹೊಸ ಜೋಡಿಯನ್ನು ಬಿಗಿದಳು. ಕಪ್ಪು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ನಾಲ್ಕು ಕಾಲು. ಯಾವ ಕಾಲಿಗೆ ಯಾವ ವೈರು, ಆ ದೇವರಿಗೇ ಗೊತ್ತು. ಹಳೇ ಹಾರ್ನಿನ ಎರಡು ವೈರುಗಳು ಹೊಸದಕ್ಕೆ ಸರಿಯಾಗಿ ಕೂತವು, ಮತ್ತಿದೇಕೆ ಎಂದುಕೊಂಡು ಅದನ್ನು ಚಮಚಗಳ ಡ್ರಾಯರಿಗೆ ಹಾಕಿದಳು.

ಒತ್ತಿ ನೋಡಬೇಕು. ಪಕ್ಕದ ಮನೆಯಲ್ಲಿ ಹಸುಗೂಸು ಮಲಗಿತ್ತು. ಅದಕ್ಕೆಂದು ಬೆರಳು ತಾಗಿತೋ ಇಲ್ಲವೋ ಎನ್ನುವಷ್ಟು ಒತ್ತಿದಳು. ತಂತಿಯ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಮೈಕಕ್ಕನ ಕಣ್ಣಲ್ಲಿ ನೀರು ಬಂತು. ಅಪ್ಪನೇ ಕಾರಿನ ಮುಂದಿನ ಗ್ರಿಲ್ಲಿನ ಹಿಂದೆ ಕೂತಿದ್ದಾನೆ ಅನ್ನಿಸಿತು.

ಆದರೂ ಬೆಳಿಗ್ಗೆ ಟ್ರೇ ತುಂಬಿ, ಹಗ್ಗವನ್ನು ಎರಡು ಸಲ ಬಿಚ್ಚಿ ಕಟ್ಟಿದಳು. ಡ್ರಾಯರಿನಲ್ಲಿದ್ದ ಡಬ್ಬಿ ಯಾಕೋ ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು.

ಬಂಡೆ ತಿರುವಿಗೆ ಬಂದಾಗ ಅಪ್ಪನ ರೀತಿಯಲ್ಲೇ ಹೊಡೆದಳು. ಗಿಡ್ಡದೊಂದು. ಗಿಡ್ಡದಿನ್ನೊಂದು. ಕಲ್ಲಿನ ಗೋಡೆಗಳು ಅದನ್ನು ಎತ್ತಿಕೊಂಡು ಆಚೆಗೆ ಎಸೆದವು. ಧೈರ್ಯ ಬಂತು. ಕಾರನ್ನು ಮೆಲ್ಲಗೆ ಒಳಗೆ ಬಿಟ್ಟು ಮೂರನೆಯದನ್ನು ಉದ್ದಕ್ಕೆ ಒತ್ತಿ ಹಿಡಿದಳು. ಅದು ಏರಿತು, ತುಂಬಿತು, ನಡುವೆಯೇ ಕತ್ತು ಹಿಸುಕಿದ ಹಾಗೆ ನಿಂತುಹೋಯಿತು.

ಮತ್ತೆ ಒತ್ತಿದಳು. ಏನೂ ಇಲ್ಲ. ಬೆಕ್ಕಿನ ಮರಿಯೂ ಇಲ್ಲ.

ಬ್ರೇಕ್ ತುಳಿದಳು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುಂದೆ ಹೋಗುವಂತಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಹಿಂದೆ ಯಾರು ನುಗ್ಗಿ ಬರುತ್ತಿದ್ದಾರೋ ಕಾಣದು. ಕಾರಿಗೂ ದನಿಯಿಲ್ಲ, ಕಾರಿನವಳಿಗೂ ಇಲ್ಲ. ಆಚೆ ಕಡೆ ಎಲ್ಲೋ ಭಾರದ ಗಾಡಿಯ ಗುರುಗುರು ಕೇಳುತ್ತಿತ್ತು, ಅದು ಇದ್ದಕ್ಕಿದ್ದಂತೆ ನಿಂತಿತು. ಕಾರಿನ ಮುಂದಿನ ದೀಪ ಹಚ್ಚಿಟ್ಟು ಕೆಳಗಿಳಿದು, ಗೋಡೆಗೆ ಅಂಗೈ ಊರಿಕೊಂಡು ಹೆಜ್ಜೆಹೆಜ್ಜೆಯಾಗಿ ನಡೆದಳು.

ತಿರುವಿನ ನಟ್ಟನಡುವೆ ಒಬ್ಬ ಮನುಷ್ಯ ಎದುರಾದ. ಹೆಗಲ ಮೇಲೆ ಟವಲು, ಮುಖವೆಲ್ಲ ಜಲ್ಲಿಯ ಧೂಳು. ಲಾರಿ ಡ್ರೈವರು. ಅವನೂ ಗಾಡಿ ಆಫ್ ಮಾಡಿ ನಡೆದೇ ಬಂದಿದ್ದ.

"ಹಾರ್ನ್ ನಿಮ್ದಾ ಅಕ್ಕ? ಮೂರನೇದು ಅರ್ಧಕ್ಕೇ ನಿಂತಿತಲ್ಲ, ಯಾರಿಗೆ ಏನಾಯ್ತೋ ಅಂತ ಜೀವ ಬಾಯಿಗೆ ಬಂತು. ಬ್ರೇಕ್ ಹಾಕ್ಬಿಟ್ಟೆ."

"ಏನೂ ಆಗಿಲ್ಲ. ಫ್ಯೂಸು ಹೋಗಿರಬೇಕು" ಎಂದಳು.

ಅವನು ಏನಂದ್ರಿ ಎನ್ನಲಿಲ್ಲ. ಎರಡೂ ಗಾಡಿ ಸುಮ್ಮನಿದ್ದವು, ಆ ಪಿಸುಮಾತು ಒಂದು ಚೂರೂ ಸೋರದೆ ಅವನ ಕಿವಿಗೆ ಮುಟ್ಟಿತ್ತು. ಕಾರಿನ ತನಕ ಬಂದ. ಅವಳು ಫ್ಯೂಸು ಕಿತ್ತು ಬೆಳಕಿಗೆ ಹಿಡಿದಳು. ಒಳಗಿನ ತಂತಿ ಕರಗಿ ತುಂಡಾಗಿತ್ತು.

"ಜೋಡಿ ಹಾರ್ನಿನ ಕರೆಂಟು ಹಳೇ ಫ್ಯೂಸು ತಡೆಯಲ್ಲ, ಅದಕ್ಕೇ ರಿಲೇ ಇರೋದು. ಹಾಕಿಲ್ವಾ?"

"ಮನೇಲಿದೆ. ಚಮಚದ ಜೊತೆ."

ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದು ದಪ್ಪ ತಂತಿ ಸುತ್ತಿ ಕೊಡ್ಲಾ? ಸದ್ಯಕ್ಕೆ ನಡೆಯುತ್ತೆ."

"ಬೇಡ. ಆಮೇಲೆ ಕಾರೇ ಹೊತ್ಕೊಳ್ಳುತ್ತೆ. ನೀವು ಲಾರಿ ಹಿಂದಕ್ಕೆ ತಗೊಳ್ಳಿ, ಸಾಕು."

ಅವನು ಹಿಂದಕ್ಕೆ ಹೋಗಿ ಕಲ್ಲಿನ ದಾರಿಯ ಬಾಯಿಯಾಚೆ ಬದಿಗೆ ಲಾರಿ ನಿಲ್ಲಿಸಿ ತನ್ನ ಹಾರ್ನ್ ಹೊಡೆದ. ಅವಳು ದಾಟಿದಳು. ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಆದರೂ ಬೇಕರಿಯ ಮುಂದೆ ಟ್ರೇ ಇಳಿಸಿ ವಾಪಸು ಬರುವಾಗ ದೊಡ್ಡ ಸುತ್ತು ಹಾಕಿ ಬೇರೆ ದಾರಿಯಲ್ಲಿ ಬಂದಳು.

ಸಂಗತಿ ಕೇಳಿ ತಮ್ಮನ ಮುಖ ಬಿಳಿಚಿಕೊಂಡಿತು. ಅಪರೂಪಕ್ಕೆ ಅವನ ದನಿಯೂ ಇಳಿದಿತ್ತು.

"ಅಂಗಡಿಯವನು ಹೇಳಿದ್ನಂತಲ್ಲ. ಹೆಂಗೆ ಹಾಕೋದು ಅಂತ ಆಗಲೇ ಯಾಕೆ ಕೇಳಲಿಲ್ಲ ಅಕ್ಕಾ?"

ಅವಳು ಡ್ರಾಯರಿನಿಂದ ಡಬ್ಬಿ ತೆಗೆದು ಸೆರಗಿಗೆ ಒರೆಸಿ ಕಾರಿನ ಕಡೆ ನಡೆದಳು. ತಮ್ಮನೂ ಜೊತೆಗೆ ಹತ್ತಿ ಕೂತ. ಅಂಗಡಿಯ ಮುಂದೆ ಅದೇ ಜನ, ಅದೇ ಗ್ರೈಂಡರು. ಮೈಕಕ್ಕ ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಸೀಟಿನಲ್ಲೇ ಕೂತಳು. ತಮ್ಮ ಅದನ್ನು ನೋಡಿದ.

"ನೀನು ಇಲ್ಲೇ ಕೂತಿರು. ನಾನು ಎರಡೇ ಮಾತಲ್ಲಿ ತಿಳ್ಕೊಂಡು ಬರ್ತೀನಿ. ನನ್ನ ದನಿ ಆ ಗ್ರೈಂಡರಿಗೆಲ್ಲ ಬಗ್ಗಲ್ಲ" ಎಂದು ಡಬ್ಬಿಗೆ ಕೈ ಚಾಚಿದ.

ಅವಳು ಮುಷ್ಟಿ ಬಿಗಿದುಕೊಂಡು ಬಾಗಿಲು ತೆರೆದಳು.

"ಬೇಡ ಕಣೋ. ನೀನೇ ಕೂತಿರು. ಆ ಗ್ರೈಂಡರು ನಿಲ್ಲಿಸಿ ಅಂತ ಮೊದಲು ಹೇಳ್ತೀನಿ. ನಿಲ್ಲಿಸೋ ತನಕ ಕೌಂಟರ್ ಬಿಟ್ಟು ಕದಲಲ್ಲ. ತಿರುವಿನಲ್ಲಿ ಹೋಗೋಳು ನಾನು, ಮಾತಾಡೋಳೂ ನಾನೇ."