ಅಂಗೈ ಮೇಲೆ ಬರೆದ ಇಂಗ್ಲಿಷ್

2011ರ ಬೇಸಿಗೆ. ಯಲಬುರ್ಗಾದ ನಮ್ಮ ಮನೆಯಲ್ಲಿದ್ದ ಹಳೇ ಕಂಪ್ಯೂಟರ್ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟಿತು. ಕಂಪ್ಯೂಟರ್ ಯಾಕೆ ಮಾತಾಡಬೇಕು ಅಂತ ನೀವು ಕೇಳಬಹುದು. ನನಗೆ ಎರಡೂ ಕಣ್ಣು ಕಾಣುವುದಿಲ್ಲ. ಪರದೆ ಮೇಲೆ ಇರುವುದನ್ನು ಓದಿ ಹೇಳುವ ಒಂದು ಪ್ರೋಗ್ರಾಂ ಅದರಲ್ಲಿತ್ತು. ನಾನು ಒತ್ತಿದ ಪ್ರತಿ ಅಕ್ಷರವನ್ನೂ ಅದು ನನಗೆ ಹೇಳುತ್ತಿತ್ತು.

ನಾನು ಹುಟ್ಟು ಕುರುಡನಲ್ಲ. ಅಳವಂಡಿಯಲ್ಲಿ ಬೆಳೆದವನು, ಪಿಯುಸಿ ಮೊದಲ ವರ್ಷದವರೆಗೆ ಓದಿದವನು. ಆಮೇಲೆ ಕಣ್ಣಿನ ನರ ಒಣಗಿದವು ಅಂದರು ಡಾಕ್ಟರು. 1997ರಲ್ಲಿ ಯಲಬುರ್ಗಾ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಎಸ್‌ಟಿಡಿ ಬೂತ್ ಹಾಕಿಕೊಂಡೆ, ನೀಲವ್ವನನ್ನು ಮದುವೆಯಾದೆ. ಮೊಬೈಲ್ ಬಂದವು, ಬೂತ್ ಮುಚ್ಚಿತು. ಬೂತಿಗೆ ದಿನಾ ಬರುತ್ತಿದ್ದ ಮಾಸ್ತರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೇ ಕಂಪ್ಯೂಟರಿಗೆ ಆ ಮಾತಾಡುವ ಪ್ರೋಗ್ರಾಂ ಹಾಕಿ, "ಇಟ್ಟಕೋರಿ, ಹೊತ್ತು ಹೋಗತೈತಿ" ಅಂತ ಕೊಟ್ಟು ಹೋದರು.

ಹೊತ್ತು ಕಳೆಯಲಿಕ್ಕಷ್ಟೇ ನಾನು ಅದರ ಮುಂದೆ ಕೂರುತ್ತಿರಲಿಲ್ಲ. ಒಂದು ದಿನ ಕುಸುಬಿ ಹೂವಿನ ಬಣ್ಣ ನೆನಪಿಸಿಕೊಳ್ಳಲು ಹೋದೆ, ಬರಲಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ. ಹೆದರಿಬಿಟ್ಟೆ ನೋಡಿ. ಕಣ್ಣು ಹೋದಾಗಲೂ ಅಷ್ಟು ಹೆದರಿರಲಿಲ್ಲ. ಕಂಡಿದ್ದೂ ಹೋಗಿಬಿಟ್ಟರೆ ನನ್ನ ಹತ್ತಿರ ಉಳಿಯುವುದಾದರೂ ಏನು? ಅವತ್ತಿನಿಂದ ನೆನಪಿದ್ದ ಒಂದೊಂದನ್ನೂ ಟೈಪ್ ಮಾಡಿ ಇಡಲು ಶುರು ಮಾಡಿದೆ. ಅವ್ವನ ಮುಖ, ಮಳೆ ನಿಂತ ಮೇಲಿನ ಕರಿ ಮಣ್ಣಿನ ಎರಿ ಹೊಲ, ಸಂಜೆ ಬಿಸಿಲಿಗೆ ಕೆಂಪಗಾಗುತ್ತಿದ್ದ ಕೊಪ್ಪಳದ ಕೋಟೆ ಗುಡ್ಡ, ಹುಣಸೆ ಚಿಗುರು. ಆ ಬರಹಕ್ಕೆ 'ಕಂಡದ್ದು' ಅಂತ ಹೆಸರಿಟ್ಟಿದ್ದೆ. ಅದನ್ನು ಯಾರಿಗೂ ಓದಿ ತೋರಿಸಿರಲಿಲ್ಲ.

ಆ ಬೇಸಿಗೆಯ ಶುರುವಿಗೆ ಯಾರೋ ಹಾಡು ತುಂಬಿಕೊಡುತ್ತೇನೆ ಅಂತ ಪೆನ್‌ಡ್ರೈವ್ ಚುಚ್ಚಿದರು, ಅದರ ಜೊತೆ ವೈರಸ್ಸೂ ಬಂತು. ಕಂಪ್ಯೂಟರ್ ರಿಪೇರಿ ಮಾಡುವ ಮೌಲಾ ಕೊಪ್ಪಳದಿಂದ ಬಂದು ಆಂಟಿವೈರಸ್ ಹಾಕಿದ. ನನಗೆ ಸಮಾಧಾನ ಆಗಲಿಲ್ಲ. ಕಳ್ಳ ಪ್ರೋಗ್ರಾಂಗಳನ್ನು ಹಿಡಿಯಲು ಆಂಟಿ ಮಾಲ್‌ವೇರ್ ಅಂತ ಬೇರೆ ಒಂದು ಇರುತ್ತದೆ ಅಂತ ಕೇಳಿದ್ದೆ.

"ಅದನ್ನೂ ಹಾಕಪಾ," ಅಂದೆ.

"ಸರ, ಹಳೇ ಮಷೀನ್ ಐತ್ರಿ. ಎರಡೂ ಹಗಲೆಲ್ಲಾ ಕಾವಲು ಕುಂತ್ರ ಇದು ತಾಳಂಗಿಲ್ಲ," ಅಂದ ಮೌಲಾ.

"ಹಾಕು ಅಂದ್ರ ಹಾಕೋ ಮಾರಾಯ. ಎರಡೂ ಎಚ್ಚರ ಇರ್ಲಿ."

ಒಳಗಿಂದ ನೀಲವ್ವ ನಕ್ಕಳು. "ಒಂದ ಬಾಗಲಕ್ಕ ಎರಡು ಕೀಲಿ ಹಾಕೋ ಮನಷ್ಯಾರ ಇವ್ರು, ನೀ ಹಾಕಿ ಹೋಗಪಾ ತಮ್ಮಾ." ಆಕೆ ಹೇಳಿದ್ದು ಸುಳ್ಳಲ್ಲ. ಬೂತ್ ನಡೆಸುವಾಗ ಕಣ್ಣು ಕಾಣುವುದಿಲ್ಲ ಅಂತ ಎಷ್ಟು ಜನ ಟೋಪಿ ಹಾಕಲು ನೋಡಿದ್ದಾರೋ! ಸಂಶಯ ನನ್ನ ಮೈಗೆ ಅಂಟಿಕೊಂಡಿತ್ತು.

ಮುಂದಿನ ದಿನಗಳು ಈಗಲೂ ಕನಸಿನ ಹಾಗೆ ನೆನಪಿವೆ. ಕಂಪ್ಯೂಟರಿನ ದನಿ ನಿಧಾನವಾಗುತ್ತಾ ಹೋಯಿತು. ನಾನು 'ಅ' ಒತ್ತಿದರೆ ಎಷ್ಟೋ ಹೊತ್ತಿನ ಮೇಲೆ, ಬಾವಿಯೊಳಗಿಂದ ಕೂಗಿದ ಹಾಗೆ, ಅಆಆ ಅನ್ನುತ್ತಿತ್ತು. ಹೊರಗೆ ಬಿಸಿಲು ಸುಯ್ಯನ್ನುತ್ತಿತ್ತು, ತಲೆ ಮೇಲೆ ಫ್ಯಾನು ಕಿರ್ರ್ ಅನ್ನುತ್ತಿತ್ತು. 'ಹುಣಸೆ' ಅಂತ ಟೈಪ್ ಮಾಡಿ, ಅದು ಹುಣಸೆ ಅನ್ನುವ ತನಕ ಕಾಯುತ್ತಾ ಕೂತರೆ ನಾನೇ ಗಿಡದ ಕೆಳಗೆ ಹೋಗಿ ಮಲಗಿದ ಹಾಗಾಗುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಅದೂ ಹಿತವೇ ಅನ್ನಿಸುತ್ತಿತ್ತು.

ಒಂದು ದಿನ ಮಧ್ಯಾಹ್ನ ಊಟ ಮಾಡಿ ಬಂದು ಕೂತೆ. ಒಂದು ಸಾಲು ಓದುತ್ತಾ ಓದುತ್ತಾ ದನಿ ನಡುವೆಯೇ ಕಡಿದುಹೋಯಿತು. ಏನು ಒತ್ತಿದರೂ ಸದ್ದಿಲ್ಲ. ಗಾಬರಿಯಾಗಿ ನೀಲವ್ವನನ್ನು ಕರೆದೆ.

"ಒಂದು ಚೌಕ ಬಂದೈತ್ರಿ. ಅದರಾಗ ಇಂಗ್ಲಿಷ್ ಬರದಾರ," ಅಂದಳು.

"ಏನಂತ ಬರದಾರ? ಓದು!"

"ನನಗೆಲ್ಲಿ ಇಂಗ್ಲಿಷ್ ಬರತೈತಿ? ನಾಲ್ಕನೇತ್ತಕ್ಕ ಸಾಲಿ ಬಿಟ್ಟಾಕಿ ನಾ."

ಮೌಲಾನಿಗೆ ಫೋನ್ ಹಚ್ಚಿದೆ. ಅವನು ತಂಗಿಯ ಮನೆ ಕಾರ್ಯಕ್ಕೆ ಗಂಗಾವತಿಗೆ ಹೋಗಿದ್ದ. "ಬಂದ ಮ್ಯಾಲ ಫಾರ್ಮ್ಯಾಟ್ ಹೊಡದುಬಿಡೂಣ್ರಿ ಸರ," ಅಂದ. ಒಳಗಿದ್ದ ಬರಹ ಏನಾಗುತ್ತದೆ ಅಂತ ಕೇಳಿದೆ. "ಉಳದ್ರ ಉಳೀತು. ಹಳೇ ಡಬ್ಬಿ ಐತಿ, ಗ್ಯಾರಂಟಿ ಕೊಡಾಕ ಬರೂದಿಲ್ರಿ."

ಫೋನ್ ಇಟ್ಟೆ. ಅವ್ವನ ಮುಖ ಅದರೊಳಗಿತ್ತು. ಆಮೇಲೆ ನೀಲವ್ವನ ಮೇಲೆ ಹರಿಹಾಯ್ದೆ, ಓದಲಿಕ್ಕೂ ಬರುವುದಿಲ್ಲ ನಿನಗೆ ಅಂತ ಏನೇನೋ ಅಂದೆ. ಆಕೆ ನನ್ನ ಪಕ್ಕ ಕುರ್ಚಿ ಎಳೆದು ಕೂತಳು.

"ಇಲ್ಲಿ ಕೈ ಕೊಡ್ರಿ," ಅಂದಳು.

ಕೊಟ್ಟೆ. ಆಕೆ ನನ್ನ ಅಂಗೈ ಬಿಡಿಸಿ, ಅದರ ಮೇಲೆ ಬೆರಳಿನಿಂದ ಒಂದು ದುಂಡನೆಯ ಗೆರೆ ಎಳೆದು, ಕೆಳಗೆ ಸಣ್ಣದೊಂದು ಕಡ್ಡಿ ಹಾಕಿದಳು. "ರೊಟ್ಟಿಗೆ ಬಾಲ ಬಂದಂಗ ಐತಿ. ಇದೇನ್ರಿ?"

"ಕ್ಯೂ," ಅಂದೆ.

ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ನನಗೆ ಕಾಣುತ್ತಿರಲಿಲ್ಲ. ಆಕೆ ನೋಡಿ ನೋಡಿ ಬರೆದಳು, ನಾನು ಅಂಗೈಯಲ್ಲಿ ಓದಿದೆ. ಯು, ಎ, ಆರ್... ಬೆರಳು ಒರಟಾಗಿತ್ತು, ಈರುಳ್ಳಿ ವಾಸನೆ ಇತ್ತು. ತಪ್ಪಿದರೆ ಅಂಗೈ ಒರೆಸಿ ಮತ್ತೆ ಬರೆಯುತ್ತಿದ್ದಳು, ಪಾಟಿ ಒರೆಸಿದ ಹಾಗೆ. ಕೊನೆಗೆ ಒಂದು ಶಬ್ದವಾಯಿತು, ಕ್ವಾರಂಟೈನ್. ಕೊರೊನಾ ಬಂದು ಹೋದ ಮೇಲೆ ಅದು ಎಲ್ಲರಿಗೂ ಗೊತ್ತು, ಆಗ ನನಗೆ ಗೊತ್ತಿರಲಿಲ್ಲ. ಮತ್ತೆ ಮೌಲಾನಿಗೆ ಫೋನ್ ಮಾಡಿ ಹೇಳಿದೆ.

ಅವನು ನಗಲು ಶುರು ಮಾಡಿದ. "ಅಯ್ಯ ಸರ, ನಿಮ್ಮ ಮಾತಾಡೋ ಪ್ರೋಗ್ರಾಂನ ಕಳ್ಳ ಅಂತ ಹಿಡದು ಜೇಲಿಗೆ ಹಾಕೈತ್ರಿ ಅದು. ನೀವು ಒತ್ತೋ ಅಕ್ಷರೆಲ್ಲಾ ಕೇಳಸ್ಕೋತೈತಲ್ಲ, ಅದಕ್ಕ ಸಂಶೇ ಬಂದೈತಿ. ಫಾರ್ಮ್ಯಾಟ್ ಏನೂ ಬ್ಯಾಡ. ಮದಲ ಆ ಎರಡನೇ ಕಾವಲು ಬಂದ್ ಮಾಡ್ರಿ, ಆಮ್ಯಾಲೆ ಇದನ್ನ ಬಿಡಸ್ರಿ. ಖರೇ ಹುಷಾರು, ರಿಸ್ಟೋರ್ ಮತ್ತ ಡಿಲೀಟ್ ಎರಡೂ ಬಾಜೂಕ ಬಾಜೂಕ ಇರತಾವ. ಡಿಲೀಟ್ ಒತ್ತಿದ್ರ ದನಿ ಹೋತು ಅಂತ ತಿಳ್ಕೋರಿ."

ಅವನು ಫೋನಿನಲ್ಲಿ ಹೇಳಿದ ಹಾಗೆ ಮೊದಲು ಕಾವಲು ಬಂದ್ ಮಾಡಿದೆವು. ಆಮೇಲೆ ಜೈಲಿನ ಪಟ್ಟಿ ತೆರೆದೆವು. ನಾನು ಕೀಲಿಮಣೆಯ ಬಾಣದ ಗುಂಡಿ ಒತ್ತುತ್ತಿದ್ದೆ, ಆಕೆ ನೋಡುತ್ತಿದ್ದಳು.

"ಈಗ ಏನಾತು?"

"ಒಂದು ಸಾಲು ನೀಲಿ ಆತ್ರಿ."

ನನ್ನ ಕೈ ಅಲ್ಲೇ ನಿಂತಿತು. ನೀಲಿ ಅನ್ನುವುದನ್ನು ನಾನು ಎಷ್ಟು ದಿನದಿಂದ ಹುಡುಕುತ್ತಿದ್ದೆ! ಆಕಾಶ ನೀಲಿ ಅಂತ ಬಾಯಲ್ಲಿತ್ತು, ಕಣ್ಣೊಳಗೆ ಇರಲಿಲ್ಲ. ಹೆಂಡತಿಯನ್ನು ದಿನಾ ನೀಲಾ, ನೀಲಾ ಅಂತ ಕರೆಯುತ್ತಿದ್ದವನು ನಾನು.

"ಎಂಥಾ ನೀಲಿ?" ಅಂದೆ.

"ನಮ್ಮ ಮದವ್ಯಾಗ ನಾ ಉಟ್ಟಿದ್ದ ಸೀರಿ ಇತ್ತಲ್ರಿ, ಅದರ ಅಂಚು ಹಿಂಗ ಇತ್ತು," ಅಂದಳು.

ಆ ಸೀರೆಯನ್ನು ನಾನು ಮುಟ್ಟಿದ್ದೆ. ಅದಕ್ಕೆ ಬಣ್ಣ ಇತ್ತು ಅನ್ನುವುದೇ ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಆಮೇಲೆ ಎರಡು ಗುಂಡಿಗಳ ಸರದಿ. ಆಕೆ ಮೊದಲನೆಯದನ್ನು ಬರೆದಳು, ಒಂದು ಕಂಬ, ಅದಕ್ಕೆ ಬಿಲ್ಲಿನ ಹಾಗೆ ಬಾಗಿದ ಗೆರೆ. ಡಿ. "ಬ್ಯಾಡ ಬ್ಯಾಡ, ಅದನ್ನ ಮುಟ್ಟಬ್ಯಾಡ!" ಅಂತ ಕಿರುಚಿಬಿಟ್ಟೆ. ಇನ್ನೊಂದು ಬರೆದಳು, ಅದಕ್ಕೆ ಕಾಲು ಇತ್ತು. ಆರ್. ಇಡೀ ಶಬ್ದ ಬರೆಸಿಕೊಂಡೆ, ಮತ್ತೊಮ್ಮೆ ಬರೆಸಿಕೊಂಡೆ. ಆಮೇಲೆ ಮೌಸನ್ನು ಆಕೆಯ ಕೈಗೇ ಕೊಟ್ಟು, ಒತ್ತು ಅಂದೆ. ಆಕೆ ದೇವರ ಹೆಸರು ಹೇಳಿ ಒತ್ತಿದಳು.

ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆವು. ಕಾಯುತ್ತಾ ಕೂತೆವು. ನನ್ನ ಅಂಗೈ ಇನ್ನೂ ಆಕೆಯ ತೊಡೆ ಮೇಲೆಯೇ ಇತ್ತು, ತೆಗೆಯಬೇಕು ಅನ್ನಿಸಲಿಲ್ಲ. ಆಗ ದನಿ ಬಂತು, ತಡವರಿಸದೆ, ಮೊದಲಿನ ಹಾಗೆ. ನನಗೆ ಅಳು ಬಂತು, ನಾಚಿಕೆ ಬಿಟ್ಟು ಅತ್ತೆ.

'ಕಂಡದ್ದು' ಇದೆಯೋ ಇಲ್ಲವೋ ಅಂತ ತೆರೆದು, ಮೊದಲಿನಿಂದ ಓದಲು ಬಿಟ್ಟೆ. ಇತ್ತು, ಎಲ್ಲಾ ಇತ್ತು. ನೀಲವ್ವ ಅದನ್ನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಎರಿ ಹೊಲ ಬಂತು, ಅವ್ವ ಬಂದಳು, ಕೋಟೆ ಗುಡ್ಡ ಬಂತು. ಓದು ಮುಗಿದ ಮೇಲೆ ಆಕೆ ಮೆಲ್ಲಗೆ ಕೇಳಿದಳು, "ಇದರಾಗ ನಾ ಇಲ್ಲೇನ್ರಿ?"

ನಾನು ಆಕೆಯನ್ನು ನೋಡಿದವನೇ ಅಲ್ಲ.

ಈಗ ನಮ್ಮ ಮನೆಯಲ್ಲಿ ಹೊಸ ಕಂಪ್ಯೂಟರ್ ಇದೆ. ಮೌಲಾ ಆಮೇಲೆ ಹೇಳಿಕೊಟ್ಟ ಹಾಗೆ ಅದರಲ್ಲಿ ಒಂದು ಕಾವಲು ಮಾತ್ರ ಯಾವಾಗಲೂ ಎಚ್ಚರ ಇರುತ್ತದೆ. ಇನ್ನೊಂದನ್ನು ವಾರಕ್ಕೊಮ್ಮೆ ನಾನೇ ಕರೆದು ಹುಡುಕಿಸಿ, ಮತ್ತೆ ಮಲಗಿಸುತ್ತೇನೆ. ಬಾಗಿಲಿನ ಎರಡನೇ ಕೀಲಿಯನ್ನೂ ತೆಗೆದಿದ್ದೇನೆ. 'ಕಂಡದ್ದು' ಕೂಡ ಇದೆ. ದನಿ ಮರಳಿದ ಆ ಮಧ್ಯಾಹ್ನವೇ ಅದರ ಕೊನೆಗೆ ಒಂದು ಸಾಲು ಸೇರಿಸಿದ್ದೆ. ನಾನು ಒತ್ತಿದ ಒಂದೊಂದು ಅಕ್ಷರವನ್ನೂ ದನಿ ಗಟ್ಟಿಯಾಗಿ ಹೇಳುತ್ತಾ ಹೋಯಿತು, ನೀಲವ್ವ ಉಸಿರು ಬಿಗಿಹಿಡಿದು ಕೇಳುತ್ತಾ ಹೋದಳು: 'ನೀಲಿ. ನೀಲವ್ವನ ಮದುವೆ ಸೀರೆಯ ಅಂಚು.'

ಅದು ನೀವು ಕಂಡದ್ದಲ್ಲವಲ್ಲ ಅಂತ ಯಾರಾದರೂ ಅಂದರೆ ನನಗೆ ಈಗಲೂ ಕೆಟ್ಟ ಸಿಟ್ಟು ಬರುತ್ತದೆ.